ನಕ್ಷೆಯಲ್ಲಿ ಬೆಳೆದ ಓಣಿ

ನಮ್ಮ ಶಾಲೆಯಲ್ಲಿ ಭೂಗೋಳ ಕಲಿಸುತ್ತಿದ್ದ ಟೀಚರನ್ನು ಮಕ್ಕಳು ನಕ್ಷೆ ಮೇಡಂ ಎಂದು ಕರೆಯುತ್ತಿದ್ದರು. ಎದುರಿಗೆ ಹಾಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ. ಆಕೆಗೆ ವಿಷಯ ಗೊತ್ತಿತ್ತು, ಗೊತ್ತಿಲ್ಲದವರ ಹಾಗೆ ಇರುತ್ತಿದ್ದರು. ಆ ಹೆಸರು ಸುಮ್ಮನೆ ಬಂದದ್ದಲ್ಲ. ಕಪ್ಪು ಹಲಗೆಗೆ ಬೆನ್ನು ಮಾಡಿ ನಿಂತು, ಮಕ್ಕಳ ಮೇಲೆ ಕಣ್ಣಿಟ್ಟುಕೊಂಡೇ, ಸೀಮೆಸುಣ್ಣ ಹಿಡಿದ ಕೈಯನ್ನು ಹಿಂದಕ್ಕೆ ಚಾಚಿ ಒಂದು ಇಡೀ ಖಂಡದ ಕರಾವಳಿಯನ್ನು ಎಳೆದು ಮುಗಿಸುತ್ತಿದ್ದರು. ಪಕ್ಕದ ಕೋಣೆಯಲ್ಲಿ ವಿಜ್ಞಾನದ ಪಾಠ ಮಾಡುತ್ತಿದ್ದ ನನಗೆ ಆ ಹೊತ್ತಿಗೆ ಮಕ್ಕಳು ಹೋ ಎಂದು ಕೂಗುವುದು ಕೇಳುತ್ತಿತ್ತು.

ಆಕೆಯ ತಂದೆ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದವರು. ಮಗಳು ಓದು ಬರಹ ಕಲಿಯುವ ಮೊದಲೇ ಪೆನ್ಸಿಲ್ ಚೂಪು ಮಾಡುವುದನ್ನು ಕಲಿತಿದ್ದಳಂತೆ. ಮದುವೆಯಾದದ್ದು ಬಸ್ ಡ್ರೈವರ್ ಒಬ್ಬರನ್ನು. ಅವರು ನಿವೃತ್ತರಾಗಿ ಮನೆಯಲ್ಲಿದ್ದರು, ಅಡುಗೆಯ ಉಸ್ತುವಾರಿ ಅವರದೇ. ಗಂಡ ಹೆಂಡತಿ ದಾರಿಯ ವಿಷಯಕ್ಕೆ ಜಗಳವಾಡುವುದನ್ನು ನಾನೇ ಕೇಳಿದ್ದೇನೆ.

"ನೀನು ಊರನ್ನ ಮೇಲಿಂದ ನೋಡಿದೀಯ, ನಾನು ಸೈಡ್ ಕನ್ನಡಿಯಲ್ಲಿ ನೋಡಿದೀನಿ. ನಂದೇ ಸರಿ."

"ಕನ್ನಡಿಯಲ್ಲಿ ಎಡ ಬಲ ಉಲ್ಟಾ ಇರುತ್ತೆ ಕಣ್ರೀ. ಅದಕ್ಕೇ ನೀವು ಹೇಳಿದ ದಾರಿಯಲ್ಲಿ ಹೋದೋರು ವಾಪಸ್ ಬರಲ್ಲ."

ಮನೆಯಲ್ಲಿ ಇನ್ನೊಬ್ಬರಿದ್ದರು, ಆಕೆಯ ಅತ್ತೆ. ಲಕ್ವ ಹೊಡೆದು ಅವರ ಮಾತೂ ಬಲಗೈಯೂ ಬಿದ್ದುಹೋಗಿದ್ದವು. ಹಗಲೆಲ್ಲ ನಡುಮನೆಯ ಕಿಟಕಿಯ ಬಳಿ ಕುರ್ಚಿಯಲ್ಲಿ ಕೂತಿರುತ್ತಿದ್ದರು. ನಕ್ಷೆ ಮೇಡಂ ತಮ್ಮ ಹಳೆಯ ಟ್ಯಾಬ್ ಒಂದರಲ್ಲಿ ಮನೆಯವರ ಫೋಟೋಗಳನ್ನು ತುಂಬಿಸಿ ಅವರ ತೊಡೆಯ ಮೇಲಿಟ್ಟಿದ್ದರು. ಎಡಗೈ ಬೆರಳಿನಿಂದ ಒಂದೊಂದೇ ಫೋಟೋ ಸರಿಸುತ್ತಾ ಅತ್ತೆ ಹೊತ್ತು ಕಳೆಯುತ್ತಿದ್ದರು.

ಸೀಮೆಸುಣ್ಣದ ಪುಡಿ ಎದೆಗೆ ಹೋಗಿ ನಕ್ಷೆ ಮೇಡಂಗೆ ಕೆಮ್ಮು ಹತ್ತಿದ ವರ್ಷವೇ ಶಾಲೆಗೆ ಸ್ಮಾರ್ಟ್ ಬೋರ್ಡ್ ಬಂತು. ಗೋಡೆಗೆ ಹಾಕಿದ ದೊಡ್ಡ ಬಿಳಿ ಪರದೆ. ಬೆರಳಿಂದ ಬರೆಯಬಹುದು, ಅಂಗೈಯಿಂದ ಒರೆಸಬಹುದು. ಮೊದಮೊದಲು ಆಕೆ ಅದನ್ನು ಮುಟ್ಟಲು ಅಳುಕುತ್ತಿದ್ದರು. "ಬಿಸಿ ಹಂಚು ಮುಟ್ಟಿದ ಹಾಗೆ ಮುಟ್ತೀರಲ್ಲ ಮೇಡಂ, ಕಚ್ಚಲ್ಲ ಅದು" ಎಂದು ಬೋರ್ಡ್ ಕೂರಿಸಲು ಬಂದಿದ್ದ ಟೆಕ್ನಿಷಿಯನ್ ನಕ್ಕರು. ಆಮೇಲೆ ಆಕೆಯನ್ನು ಅದರಿಂದ ಬಿಡಿಸುವುದೇ ಕಷ್ಟವಾಯಿತು. ಆಕೆಗೆ ತುಂಬ ಹಿಡಿಸಿದ್ದು ಒಂದು ಸಂಗತಿ: ಆ ಹಾಳೆಗೆ ಅಂಚೇ ಇಲ್ಲ. ಎರಡು ಬೆರಳಿಟ್ಟು ಅಗಲಿಸಿದರೆ ಊರು ಬೀದಿಯಾಗುತ್ತದೆ, ಬೀದಿ ಮನೆಯಾಗುತ್ತದೆ, ಮನೆ ಬಾಗಿಲಾಗುತ್ತದೆ. ಎಷ್ಟು ಒಳಗೆ ಹೋದರೂ ಮತ್ತೆ ಬರೆಯಲು ಜಾಗ ಇರುತ್ತದೆ.

ಆ ವರ್ಷ ಆಕೆ ಮಕ್ಕಳಿಂದ ಊರಿನ ನಕ್ಷೆಯನ್ನೇ ಬರೆಸಲು ಹೊರಟರು. ಇಂಟರ್‌ನೆಟ್ಟಿನಲ್ಲಿ ಎಲ್ಲರಿಗೂ ಒಂದೇ ಹಾಳೆ. ಮಕ್ಕಳು ಮನೆಯಲ್ಲಿದ್ದ ಫೋನಿನಿಂದಲೋ ಟ್ಯಾಬಿನಿಂದಲೋ ತಮ್ಮ ಬೀದಿ, ತಮ್ಮ ಅಂಗಡಿ, ತಮಗೆ ಗೊತ್ತಿರುವ ಮರ ಎಲ್ಲವನ್ನೂ ಸೇರಿಸಬೇಕು. ಯಾವ ಗೆರೆಯ ಮೇಲೆ ಬೆರಳಿಟ್ಟರೂ ಅದನ್ನು ಎಳೆದವರ ಹೆಸರು ಕಾಣುತ್ತದೆ, ಹಾಗಾಗಿ ತಂಟೆಗೆ ಅವಕಾಶವಿಲ್ಲ. ಕೆಲವೇ ವಾರಗಳಲ್ಲಿ ಬಿಳಿ ಪರದೆಯ ಮೇಲೆ ಊರು ಮೊಳೆಯಿತು. ನಡುವೆ ನೀಲಿ ಚೌಕ, ಅದೇ ನಮ್ಮ ಶಾಲೆ.

ಒಂದು ಬೆಳಿಗ್ಗೆ ಆ ನಕ್ಷೆಯಲ್ಲಿ, ಊರಿನಲ್ಲಿ ಇಲ್ಲದ ಓಣಿಯೊಂದು ಕಾಣಿಸಿತು.

ಶಾಲೆಯ ಹಿಂದಿನ ಖಾಲಿ ಜಾಗದ ಆಚೆಯಿಂದ ಹೊರಟ ಸಣ್ಣ ಕಪ್ಪು ಗೆರೆ. ನಡುಗುವ ಕೈಯಲ್ಲಿ ಎಳೆದ ಹಾಗಿತ್ತು, ಎರಡೂ ಬದಿಗೆ ಪುಟ್ಟ ಪುಟ್ಟ ಚೌಕಗಳು. ಅಲ್ಲಿ ಓಣಿ ಇಲ್ಲ, ಮನೆಗಳೂ ಇಲ್ಲ.

"ಯಾರಪ್ಪ ಇದು, ಇಲ್ಲದ ಊರು ಕಟ್ಟಿದ್ದು?" ಎಂದು ಆಕೆ ಕೇಳಿದರು. ಸದಾ ಮಾತಾಡುತ್ತಿದ್ದ ಕಾರಣಕ್ಕೆ ಎಲ್ಲರೂ ರೇಡಿಯೋ ಎಂದು ಕರೆಯುವ ಹುಡುಗಿ ಎದ್ದು ಹೇಳಿದಳು, "ಬೆರಳಿಟ್ಟು ನೋಡಿ ಮೇಡಂ, ಹೆಸರು ಬರುತ್ತಲ್ಲ."

ಆಕೆ ಬೆರಳಿಟ್ಟರು. ಸಣ್ಣ ಅಕ್ಷರದಲ್ಲಿ ಹೆಸರು ಮೂಡಿತು: ಟೀಚರ್.

ಮಕ್ಕಳು ಗೊಳ್ಳೆಂದು ನಕ್ಕರು. ಆಕೆಯೂ ನಕ್ಕು ಒರೆಸಿಬಿಟ್ಟರು. ಮರುದಿನ ಓಣಿ ಮತ್ತೆ ಇತ್ತು, ಅದೇ ಜಾಗದಲ್ಲಿ, ಅದೇ ತಿರುವು, ಇನ್ನೊಂದಿಷ್ಟು ಉದ್ದ. ಈ ಸಲ ಯಾರೂ ನಗಲಿಲ್ಲ. ಮತ್ತೆ ಒರೆಸಿದರು. ಅದು ಮತ್ತೆ ಬಂತು, ಮೊದಲಿಗಿಂತ ಮುಂದಕ್ಕೆ, ನೀಲಿ ಚೌಕದ ಕಡೆಗೆ.

ಆಗಲೇ ಆಕೆ ನನ್ನ ಹತ್ತಿರ ಬಂದದ್ದು. ಸ್ಟಾಫ್ ರೂಮಿನಲ್ಲಿ ನಾವಿಬ್ಬರೇ ಇದ್ದೆವು. ಬಂದವರು ಕೂರಲಿಲ್ಲ.

"ನಮ್ಮಮ್ಮ ಕೊನೆಗಾಲದಲ್ಲಿ ಹೇಗಿದ್ದರು ಅಂತ ನಿಮಗೆ ಹೇಳಿದ್ದೆನಾ?" ಎಂದರು.

"ಮರೆವು ಅಂತ ಹೇಳಿದ್ರಿ."

"ಒಲೆ ಹಚ್ಚಿ, ಯಾರು ಹಚ್ಚಿದ್ದು ಅಂತ ಬೈಯೋರು. ಅವರೇ ಹಚ್ಚಿರ್ತಿದ್ರು." ಆಕೆ ತಮ್ಮ ಬಲಗೈಯನ್ನು ಬೇರೆ ಯಾರದೋ ವಸ್ತುವಿನ ಹಾಗೆ ತಿರುಗಿಸಿ ನೋಡಿಕೊಂಡರು. "ಆ ಗೆರೆ ನಾನೇ ಎಳೀತಿದೀನಿ ಅನ್ಸುತ್ತೆ. ಎಳೆದಿದ್ದು ನೆನಪಿಲ್ಲ, ಅಷ್ಟೇ."

ನಾನು ಏನೇನೋ ಸಮಾಧಾನ ಹೇಳಿದೆ. ಸಾಫ್ಟ್‌ವೇರ್ ಅಂದ ಮೇಲೆ ಎಡವಟ್ಟು ಇದ್ದದ್ದೇ ಎಂದೆ. ಆಕೆಗೆ ಅದು ನಾಟಲಿಲ್ಲ. "ನಾಳೆ ಊಟದ ನಂತರ ನಿಮಗೆ ಕ್ಲಾಸ್ ಇಲ್ವಲ್ಲ. ಬಂದು ಹಿಂದಿನ ಬೆಂಚಲ್ಲಿ ಕೂತ್ಕೊಳ್ಳಿ. ನನ್ನ ಕೈ ಮೇಲೆ ಕಣ್ಣಿಡಿ" ಎಂದರು.

ಮರುದಿನ ಹೋಗಿ ಕೂತೆ. ಹಿಂದಿನ ಮೂಲೆಯಲ್ಲಿ ಭೂಪಟ, ಗ್ಲೋಬುಗಳನ್ನಿಡುವ ಕಬ್ಬಿಣದ ಬೀರು. ಅದರ ಪಕ್ಕದ ಬೆಂಚಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು, ಮಾತು ಬಹಳ ಕಡಿಮೆ. ಸರಿದು ನನಗೆ ಜಾಗ ಕೊಟ್ಟಳು. ಹೊರಗೆ ಸುಡು ಬಿಸಿಲು. ನಕ್ಷೆ ಮೇಡಂ ಬೋರ್ಡಿನಿಂದ ದೂರ, ಬಾಗಿಲ ಬಳಿ, ಎರಡು ಕೈಗಳನ್ನೂ ಎದೆಗೆ ಕಟ್ಟಿಕೊಂಡು ನದಿಗಳ ಬಗ್ಗೆ ಪಾಠ ಮಾಡುತ್ತಿದ್ದರು. ಪರದೆಯ ಮೇಲೆ ಊರಿನ ನಕ್ಷೆ ತೆರೆದಿತ್ತು.

ಪಾಠ ಅರ್ಧಕ್ಕೆ ಬಂದಿತ್ತು. ರೇಡಿಯೋ ಥಟ್ಟನೆ ಮಾತು ನಿಲ್ಲಿಸಿದ್ದು ನನ್ನ ಗಮನಕ್ಕೆ ಬಂತು. ಆಮೇಲೆ ಒಬ್ಬೊಬ್ಬರೇ ಮಕ್ಕಳು ತೆಪ್ಪಗಾದರು. ಎಲ್ಲರ ಕಣ್ಣೂ ಒಂದೇ ಕಡೆ.

ಗೆರೆ ಬೆಳೆಯುತ್ತಿತ್ತು.

ಯಾರ ಬೆರಳೂ ಇಲ್ಲದೆ, ಇರುವೆ ನಡೆದಷ್ಟು ನಿಧಾನವಾಗಿ, ನಡುಗುತ್ತಾ, ಆಗಾಗ ನಿಂತು ದಣಿವಾರಿಸಿಕೊಂಡ ಹಾಗೆ, ಮತ್ತೆ ಮುಂದಕ್ಕೆ. ಪುಟ್ಟ ಚೌಕವೊಂದು ಮೂಡಿತು. ಅದಕ್ಕೊಂದು ಬಾಗಿಲು. ಗೆರೆ ಖಾಲಿ ಜಾಗ ದಾಟಿತು, ಶಾಲೆಯ ನೀಲಿ ಅಂಚನ್ನು ಮುಟ್ಟಿತು, ಒಳಗೆ ಬಂತು. ನಾವು ಕೂತಿದ್ದ ಕೋಣೆಯಿರುವ ಹಿಂದಿನ ಮೂಲೆಯಲ್ಲಿ ನಿಂತಿತು. ಅಲ್ಲೊಂದು ಚುಕ್ಕೆ ಬಿತ್ತು. ಆಮೇಲೆ ಏನೂ ಇಲ್ಲ.

ಎರಡು ಜಡೆಯ ಹುಡುಗಿ ನನ್ನ ತೋಳು ಹಿಡಿದುಕೊಂಡಿದ್ದಳು. ನಕ್ಷೆ ಮೇಡಂ ಕೈ ಬಿಚ್ಚದೆಯೇ ನನ್ನನ್ನು ಕೇಳಿದರು, "ನೋಡಿದ್ರಲ್ಲ? ನಾನಲ್ಲ ತಾನೆ?"

"ನೀವಲ್ಲ" ಎಂದೆ. ಆಮೇಲೆ ನನಗೆ ಹೊಳೆಯಿತು. "ಮೇಡಂ, ನಿಮ್ಮ ಹೆಸರಲ್ಲಿ ಈ ಹಾಳೆ ಇನ್ನೆಲ್ಲಾದ್ರೂ ತೆರೆದಿದೆಯಾ? ಬೇರೆ ಫೋನು, ಬೇರೆ ಟ್ಯಾಬು?"

ಆಕೆ ಕಟ್ಟಿದ್ದ ಕೈ ಬಿಚ್ಚಿದರು. ಮಕ್ಕಳನ್ನು ನನಗೆ ಒಪ್ಪಿಸಿ, ಚೀಲವನ್ನೂ ತೆಗೆದುಕೊಳ್ಳದೆ ಮನೆಗೆ ಓಡಿದರು.

ಅಲ್ಲಿ ಕಂಡದ್ದನ್ನು ಆಕೆ ನನಗೆ ಆಮೇಲೆ ಹೇಳಿದರು. ಮನೆಯ ಬಾಗಿಲು ಮುಂದಕ್ಕೆ ಹಾಕಿತ್ತು. ಗಂಡ ಒಳಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಅತ್ತೆ ಎಂದಿನ ಹಾಗೆ ಕಿಟಕಿಯ ಬಳಿ ಕೂತಿದ್ದರು, ತೊಡೆಯ ಮೇಲೆ ಹಳೆಯ ಟ್ಯಾಬ್. ಅದರಲ್ಲಿ ಊರಿನ ನಕ್ಷೆ. ಫೋಟೋ ಸರಿಸುವಾಗ ಯಾವಾಗಲೋ ಬೆರಳು ತಾಗಿ ಆ ಹಾಳೆ ತೆರೆದುಕೊಂಡಿರಬೇಕು. ಎಡಗೈಯ ತೋರುಬೆರಳು ಪರದೆಯ ಮೇಲೇ ಇತ್ತು.

"ಅತ್ತೆ ಟ್ಯಾಬ್ ಕಡೆ ನೋಡ್ತಾನೇ ಇರಲಿಲ್ಲ" ಎಂದರು ಆಕೆ. "ಕಣ್ಣು ಎದುರಿನ ಗೋಡೆ ಮೇಲಿತ್ತು. ಗೋಡೆ ಮೇಲೆ ಏನೂ ಇಲ್ಲ. ಬೆರಳು ಮಾತ್ರ ಅದರ ಪಾಡಿಗೆ ಅದು ಓಡಾಡ್ತಿತ್ತು."

ತನ್ನ ತಲೆ ಕೆಟ್ಟಿಲ್ಲ ಎಂದು ಗೊತ್ತಾಗಿ ಆಕೆ ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟರು. ಅಳುವಿನ ಸದ್ದಿಗೆ ಗಂಡ ಎದ್ದು ಬಂದರು. ನಕ್ಷೆ ನೋಡಿ ಅವರಿಗೆ ಏನೂ ಅರ್ಥವಾಗಲಿಲ್ಲ.

"ಅಮ್ಮನಿಗೆ ನಿಮ್ಮ ಶಾಲೆ ಹಿಂದುಗಡೆ ಏನಿದೆ ಅಂತ ಹೇಗೆ ಗೊತ್ತು? ಅವಳು ಈ ಊರಿಗೆ ಕಾಲಿಟ್ಟಿದ್ದೇ ನಮ್ಮ ಮದುವೆ ಆದ್ಮೇಲೆ."

"ಅಲ್ಲಿ ಏನೂ ಇಲ್ಲ ಕಣ್ರೀ. ಇದ್ದದ್ದನ್ನ ಬರೆದಿದ್ರೆ ನಾನ್ಯಾಕೆ ಹೆದರ್ತಿದ್ದೆ?"

ಅತ್ತೆಗೆ ಬೇರೆ ಊರಿನಲ್ಲಿ ಒಬ್ಬ ತಮ್ಮನಿದ್ದ. ಗಂಡ ಆ ಸೋದರಮಾವನಿಗೆ ಫೋನ್ ಮಾಡಿ, ಶಾಲೆಯ ಹಿಂದಿನ ಓಣಿ, ತಿರುವು, ಸಾಲು ಮನೆ ಎಂದು ಕಂಡದ್ದನ್ನೆಲ್ಲ ವಿವರಿಸಿದರು.

"ಅಕ್ಕ ನಿನಗೆ ಯಾವತ್ತೂ ಹೇಳಿಲ್ವೇನೋ?" ಎಂದರು ಸೋದರಮಾವ. "ನಾವು ಹುಟ್ಟಿದ್ದೇ ಅಲ್ಲಿ. ನಾನು ತೊಟ್ಟಿಲ ಕೂಸು, ನನಗೇನೂ ನೆನಪಿಲ್ಲ, ಅವ್ವ ಹೇಳ್ತಿದ್ದದ್ದು. ಬೆಂಕಿ ಬಿದ್ದು ಆ ಓಣಿಯೆಲ್ಲ ಹೋಯ್ತು. ಆಮೇಲೆ ಸಮ ಮಾಡಿ ಶಾಲೆ ಕಟ್ಟಿದ್ರಂತೆ. ಆದರೆ ನಾವು ಬೆಂಕಿಗಿಂತ ಮುಂಚೆನೇ ಊರು ಬಿಟ್ಟಿದ್ವಿ. ಅಕ್ಕನಿಗೂ ನನಗೂ ನಡುವೆ ಇನ್ನೊಬ್ಬಳಿದ್ದಳು. ಓಣಿಯ ಕೊನೆಯಲ್ಲಿ ಬಾವಿ ಇತ್ತು. ಇಬ್ಬರೂ ಅಲ್ಲಿ ಆಡ್ತಿದ್ರು. ಒಬ್ಬಳೇ ಮನೆಗೆ ಬಂದಳು."

"ಆ ಮಗು?"

"ಸಂಜೆ ಎತ್ತಿದ್ರು. ಅವತ್ತಿಂದ ಅಕ್ಕ ಅವಳ ಹೆಸರು ಎತ್ತಿದ್ದು ನಾನು ಕೇಳಿಲ್ಲ."

ಫೋನಿಟ್ಟ ಮೇಲೆ ನಕ್ಷೆ ಮೇಡಂ ಟ್ಯಾಬನ್ನು ಊಟದ ಮೇಜಿನ ಮೇಲಿಟ್ಟುಕೊಂಡು ಕೂತರು. ಓಣಿಯ ಕೊನೆಯ ಚುಕ್ಕೆ ನಮ್ಮ ಶಾಲೆಯ ಒಳಗೆ ಬಿದ್ದಿತ್ತಲ್ಲ, ಅದರ ಮೇಲೆ ಎರಡು ಬೆರಳಿಟ್ಟು ಅಗಲಿಸಿದರು. ಚುಕ್ಕೆ ಚುಕ್ಕೆಯಾಗಿ ಉಳಿಯಲಿಲ್ಲ, ಬಳೆಯಷ್ಟು ದೊಡ್ಡ ಸುತ್ತು ಆಯಿತು. ಅತ್ತೆಯ ಬೆರಳುಗಳು ಯಾವುದೋ ಗಳಿಗೆಯಲ್ಲಿ ಹಾಳೆಯನ್ನು ಹಿಗ್ಗಿಸಿಕೊಂಡು ಒಳಗೆ ಹೋಗಿ ಬರೆದಿದ್ದವು. ಸುತ್ತಿನ ಪಕ್ಕದಲ್ಲಿ ಸಾಲಾಗಿ ಉದ್ದುದ್ದ ಆಯತಗಳು. ಗಂಡ ಅದನ್ನು ನೋಡಿ, "ಬಟ್ಟೆ ಒಗೆಯೋ ಕಲ್ಲು ಇರಬೇಕು, ಬಾವಿ ಹತ್ರ ಇರುತ್ತಲ್ಲ" ಎಂದರು. ಆಕೆಗೆ ಅವು ಬೆಂಚುಗಳ ಹಾಗೆ ಕಂಡವು. ಕೊನೆಯ ಆಯತದ ಮೇಲೆ, ಸುತ್ತಿಗೆ ಅಂಟಿಕೊಂಡ ಹಾಗೆ, ಒಂದು ಪುಟ್ಟ ಹುಡುಗಿಯ ಚಿತ್ರವಿತ್ತು. ಕಡ್ಡಿ ಕೈ, ಕಡ್ಡಿ ಕಾಲು. ತಲೆಯ ಎರಡೂ ಕಡೆ ಜಡೆ.

"ಅಮ್ಮನ ತಂಗಿ" ಎಂದರು ಗಂಡ.

ತಮ್ಮ ತರಗತಿಯ ಹಿಂದಿನ ಮೂಲೆ, ಬೀರುವಿನ ಪಕ್ಕದ ಬೆಂಚು ಆಕೆಯ ಕಣ್ಣ ಮುಂದೆ ಬಂದಿತ್ತು.

ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೋದಾಗ ಆ ತರಗತಿಯ ಮಕ್ಕಳೆಲ್ಲ ಅಂಗಳದ ಮರದ ಕೆಳಗೆ ಕೂತಿದ್ದರು. ಆಕೆ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದರು, ಎದುರಿಗೆ ಹೆಡ್‌ಮಾಸ್ಟರ್.

"ಮೇಡಂ, ಕಾಯಿಲೆ ಬಿದ್ದ ಮುದುಕಮ್ಮ ಏನೋ ಗೀಚಿದ್ರು ಅಂತ ಕ್ಲಾಸ್ ಖಾಲಿ ಮಾಡ್ಸೋದಾ? ಇನ್‌ಸ್ಪೆಕ್ಟರ್ ಕೇಳಿದ್ರೆ ಏನು ಹೇಳ್ಲಿ?"

"ಒಂದು ದಿನ ಸಾರ್. ಆ ಮೂಲೆ ತೆಗೆಸಿ ನೋಡಿ. ಏನೂ ಇಲ್ದಿದ್ರೆ ನಗೆಪಾಟಲಾಗೋದು ನಾನು, ನೀವಲ್ಲ."

"ಮಕ್ಕಳಿಗೆ ಹೆದರಿಕೆ ಹತ್ತುತ್ತೆ."

"ಹತ್ತಲಿ. ಹೆದರಿದ ಮಕ್ಕಳು ಮನೆಗಾದರೂ ಹೋಗ್ತಾರೆ."

ಹೆಡ್‌ಮಾಸ್ಟರ್ ಕೆಟ್ಟವರಲ್ಲ, ಗೊಣಗುವುದು ಅವರ ಅಭ್ಯಾಸ, ಅಷ್ಟೇ. ಗೊಣಗುತ್ತಲೇ ಇಬ್ಬರು ಗಾರೆ ಕೆಲಸದವರನ್ನು ಕರೆಸಿದರು. ನಾವು ಕಿಟಕಿಯಿಂದ ನೋಡುತ್ತಿದ್ದೆವು. ಬೆಂಚು ಎತ್ತಿ ಹೊರಗಿಟ್ಟರು. ಕೆಲಸದವನೊಬ್ಬ ಹಾರೆಯ ಹಿಂಭಾಗದಿಂದ ನೆಲ ಕುಟ್ಟುತ್ತಾ ಹೋದ. ಟಕ್ ಟಕ್ ಎನ್ನುತ್ತಿದ್ದ ಸದ್ದು ಮೂಲೆಗೆ ಬರುತ್ತಲೇ ದಬ್ ಎಂದಿತು, ಖಾಲಿ ಪೆಟ್ಟಿಗೆ ಬಡಿದ ಹಾಗೆ. ಅವನು ಜೊತೆಯವನ ಮುಖ ನೋಡಿದ. "ಬೀರು ಸರಿಸೋಣ, ಹುಷಾರು" ಎಂದ.

ಇಬ್ಬರೂ ಬೀರುವಿಗೆ ಕೈ ಹಚ್ಚಿ ಒಂದು ಸಲ ಎಳೆದರು. ಅದು ಮುಂದಕ್ಕೆ ಬರಲಿಲ್ಲ. ಮೆಲ್ಲಗೆ, ಬಾಗಿ ನಮಸ್ಕಾರ ಮಾಡುವವರ ಹಾಗೆ, ಬೆಂಚು ಇದ್ದ ಪಕ್ಕಕ್ಕೆ ವಾಲಿತು. "ಬಿಡೋ! ಬಿಡು!" ಎಂದು ಕಿರುಚಿ ಇಬ್ಬರೂ ಹಾರಿದರು. ಹಾಸುಗಲ್ಲುಗಳು ಮಡಚಿಕೊಂಡು ಒಳಗೆ ಹೋದವು. ಅವುಗಳ ಹಿಂದೆಯೇ ಬೀರು, ಅದರೊಳಗಿನ ಗ್ಲೋಬುಗಳ ಸಮೇತ ಹೋಯಿತು. ಕೆಳಗಿನಿಂದ ಸದ್ದು ಬರಲು ಹಿಡಿದ ಹೊತ್ತು ನನಗೆ ಇವತ್ತಿಗೂ ಕನಸಿನಲ್ಲಿ ಬರುತ್ತದೆ.

ಯಾರಿಗೂ ಪೆಟ್ಟಾಗಲಿಲ್ಲ. ಹಳೆಯ ಬಾವಿಯ ಬಾಯಿಗೆ ಮರದ ಹಲಗೆ ಹೊದಿಸಿ, ಮೇಲೆ ಮಣ್ಣು ಹಾಕಿ ನೆಲ ಮಾಡಿದ್ದರು. ಹಲಗೆ ಕೊಳೆತು ಹಿಟ್ಟಾಗಿತ್ತು. ಬೆಳಕು ಇಳಿಸಿ ನೋಡಿದರೆ ತಳದಲ್ಲಿ ಕರಿ ನೀರು, ಅದರ ಮೇಲೆ ಗುಂಡಗೆ ತೇಲುತ್ತಿದ್ದ ಒಂದು ಗ್ಲೋಬು. ಹೆಡ್‌ಮಾಸ್ಟರ್ ಅಂಗಳಕ್ಕೆ ಬಂದು ಮಕ್ಕಳನ್ನು ಬೆರಳು ಮಡಚಿ ಎಣಿಸತೊಡಗಿದರು. ಎಣಿಸಿ ಮುಗಿಸಿ, ಮತ್ತೆ ಮೊದಲಿನಿಂದ ಎಣಿಸಿದರು. ಎರಡು ಜಡೆಯ ಹುಡುಗಿಯನ್ನು ನಕ್ಷೆ ಮೇಡಂ ಸೊಂಟಕ್ಕೆ ಒತ್ತಿಕೊಂಡು ನಿಂತಿದ್ದರು. ಆ ಮಗುವಿಗೆ ತನ್ನನ್ನೇಕೆ ಹಿಡಿದುಕೊಂಡಿದ್ದಾರೆ ಎಂಬುದೇ ತಿಳಿದಿರಲಿಲ್ಲ.

ಮುಂದೆ ನಡೆದದ್ದನ್ನು ಹೇಳುವಾಗ ನನಗೆ ಈಗಲೂ ಸ್ವಲ್ಪ ಅಳುಕಾಗುತ್ತದೆ.

ಬಾವಿ ಮುಚ್ಚಿಸುವ ಕೆಲಸ ನಡೆಯುತ್ತಿದ್ದಾಗ ಸ್ಮಾರ್ಟ್ ಬೋರ್ಡನ್ನು ಗೋಡೆಯಿಂದ ಬಿಚ್ಚಿ ಮೇಲಿನ ಮಹಡಿಗೆ ಸಾಗಿಸಿದರು. ಅದನ್ನು ಕೂರಿಸಲು ಅದೇ ಟೆಕ್ನಿಷಿಯನ್ ಬಂದರು. ಕತೆ ಅವರ ಕಿವಿಗೂ ಬಿದ್ದಿತ್ತು. ಕುತೂಹಲಕ್ಕೆ ಆ ನಕ್ಷೆಯನ್ನು ತೆರೆದು, ಯಾವ ಗೆರೆ ಯಾವ ಯಂತ್ರದಿಂದ ಬಂದಿದೆ ಎಂದು ನೋಡತೊಡಗಿದರು. ನಾವಿಬ್ಬರೂ ಪಕ್ಕದಲ್ಲಿದ್ದೆವು.

"ಓಣಿ, ಮನೆ, ಈ ಸುತ್ತು, ಎಲ್ಲಾ ನಿಮ್ಮ ಮನೆ ಟ್ಯಾಬ್‌ನಿಂದ ಬಂದಿದೆ ಮೇಡಂ. ಸರಿಯಾಗಿದೆ." ಆಮೇಲೆ ಅವರ ಬೆರಳು ನಿಂತಿತು. "ಈ ಹುಡುಗಿ ಒಬ್ಬಳು ಮಾತ್ರ ಬೇರೆ. ಹೆಸರು ನಿಮ್ಮದೇ ಇದೆ, ಆದರೆ ಇದನ್ನ ಈ ಬೋರ್ಡ್ ಮೇಲೇ ಬರೆದಿರೋದು."

"ಯಾವಾಗ?" ಎಂದರು ನಕ್ಷೆ ಮೇಡಂ.

ಅವರು ತೋರಿಸಿದರು. ಓಣಿಯ ಚುಕ್ಕೆಯನ್ನು ನಾವೆಲ್ಲ ಕಣ್ಣಾರೆ ಕಂಡ ದಿನದ ಹಿಂದಿನ ರಜಾದಿನ. ಆ ದಿನ ಬಾವಿ ಇನ್ನೂ ನಕ್ಷೆಯಲ್ಲಿ ಇರಲೇ ಇಲ್ಲ. ಶಾಲೆಗೆ ಬೀಗ ಹಾಕಿತ್ತು.

"ಯಾರೋ ಮಕ್ಕಳು ಕಿಟಕಿ ಹಾರಿ ಬಂದಿರ್ತಾರೆ ಬಿಡಿ" ಎಂದು ಅವರು ತಮ್ಮ ಸಾಮಾನು ಕಟ್ಟಿಕೊಂಡು ಹೊರಟರು. ಕಿಟಕಿಗಳಿಗೆ ಕಬ್ಬಿಣದ ಸರಳುಗಳಿವೆ. ಅದನ್ನು ಅವರಿಗೆ ನಾವು ಹೇಳಲಿಲ್ಲ.

ಎರಡು ಜಡೆಯ ಹುಡುಗಿಯನ್ನು ಆಕೆ ಮೆಲ್ಲಗೆ ಕೇಳಿ ನೋಡಿದರು. "ಇಲ್ಲ ಮೇಡಂ, ನಾನು ಕೇಳದೆ ಬೋರ್ಡ್ ಮುಟ್ಟಲ್ಲ" ಎಂದಳು. ಅವಳು ಸುಳ್ಳು ಹೇಳುವ ಪೈಕಿಯಲ್ಲ.

ಆ ಸಂಜೆ ನಾನೂ ಆಕೆಯ ಮನೆಗೆ ಹೋಗಿದ್ದೆ. ಅತ್ತೆ ಕಿಟಕಿಯ ಬಳಿ ಇದ್ದರು. ನಕ್ಷೆ ಮೇಡಂ ಅವರ ಮುಂದೆ ಮೊಣಕಾಲೂರಿ ಕೂತು, ಬಾವಿ ಸಿಕ್ಕಿತೆಂದು, ಅದನ್ನು ಮುಚ್ಚಿಸುತ್ತಿದ್ದಾರೆಂದು, ಮಕ್ಕಳೆಲ್ಲ ಕ್ಷೇಮವೆಂದು ಒಂದೊಂದಾಗಿ ಹೇಳಿದರು. ಅತ್ತೆಯ ಮುಖ ಅಲುಗಲಿಲ್ಲ. ಆಮೇಲೆ ಆಕೆ ಆ ಪುಟ್ಟ ಹುಡುಗಿಯ ಚಿತ್ರವನ್ನು ದೊಡ್ಡದು ಮಾಡಿ ಅವರೆದುರು ಹಿಡಿದರು.

"ಅತ್ತೆ, ಇದನ್ನ ನೀವು ಬರೆದ್ರಾ?"

ಅತ್ತೆ ಬಹಳ ಹೊತ್ತು ನೋಡಿದರು. ಇಲ್ಲ ಎಂದು ತಲೆಯಾಡಿಸಿದರು.

"ಇವಳು ಯಾರು ಅಂತ ಗೊತ್ತಾ?"

ಅದಕ್ಕೆ ಅವರು ತಲೆಯಾಡಿಸಲಿಲ್ಲ. ಎಡಗೈ ಮೇಲೆ ಬಂತು. ಬೆರಳು ಪರದೆಯನ್ನು ಮುಟ್ಟಿ, ಆ ಹುಡುಗಿಯ ಪಕ್ಕದಲ್ಲಿ, ನಡುಗುತ್ತಾ ನಡುಗುತ್ತಾ, ಇನ್ನೊಬ್ಬ ಹುಡುಗಿಯನ್ನು ಬರೆಯಿತು. ಸ್ವಲ್ಪ ಎತ್ತರ. ಇಬ್ಬರ ಕೈಗಳನ್ನೂ ಒಂದು ಗೆರೆಯಿಂದ ಕೂಡಿಸಿತು. ಅಷ್ಟು ಮಾಡಿ ಅತ್ತೆ ಕುರ್ಚಿಗೆ ಒರಗಿದರು. ಗಂಟಲಿನಿಂದ ಒಂದು ಸದ್ದು ಬಂತು, ಮಾತಲ್ಲ, ಅಳುವೂ ಅಲ್ಲ. ಅವರ ಮಗ ಬಂದು ತಾಯಿಯ ತಲೆಯನ್ನು ಎದೆಗೆ ಒರಗಿಸಿಕೊಂಡು ನಿಂತರು. ನಾನು ಎದ್ದು ಹೊರಗೆ ಬಂದೆ.

ಆಮೇಲೆ ಅತ್ತೆ ಟ್ಯಾಬ್ ಮುಟ್ಟಲಿಲ್ಲ. ಕೊಟ್ಟರೆ ಪಕ್ಕಕ್ಕೆ ಸರಿಸುತ್ತಿದ್ದರು. ಮುಂದಿನ ವರ್ಷ ನಿದ್ದೆಯಲ್ಲೇ ಹೋದರು.

ನಕ್ಷೆ ಮೇಡಂ ಪಾಠ ಬಿಡಲಿಲ್ಲ, ಬೋರ್ಡನ್ನೂ ಬಿಡಲಿಲ್ಲ. ಊರಿನ ನಕ್ಷೆಯನ್ನು ಅಳಿಸದೆ ಇಟ್ಟುಕೊಂಡಿದ್ದಾರೆ, ಆದರೆ ಯಾರಿಗೂ ತೋರಿಸುವುದಿಲ್ಲ. ಮೇಲಿನ ಮಹಡಿಯಲ್ಲಿ ಪ್ರತಿ ವರ್ಷ ಹೊಸ ಮಕ್ಕಳು, ಹೊಸ ಹಾಳೆ. ಒಂದು ನಿಯಮ ಮಾತ್ರ ಸೇರಿಸಿದ್ದಾರೆ: ಯಾರು ಏನು ಬರೆದರೂ ಎಲ್ಲರಿಗೂ ಕೇಳುವ ಹಾಗೆ "ಇದು ನಾನು" ಎಂದು ಹೇಳಬೇಕು. ಪಾಠ ಮುಗಿಯುವ ಹೊತ್ತಿಗೆ ಆಕೆ ಒಂದೊಂದೇ ಗೆರೆಯನ್ನು ತೋರಿಸುತ್ತಾ ಹೋಗುತ್ತಾರೆ, ಮಕ್ಕಳು "ಇದು ನಾನು", "ಇದು ನಾನು" ಎಂದು ಕೂಗುತ್ತಾರೆ. ಮಕ್ಕಳಿಗೆ ಅದೊಂದು ಆಟ. ಎಲ್ಲರದೂ ಮುಗಿದ ಮೇಲೂ ಆಕೆ ಬೋರ್ಡ್ ಆರಿಸುವುದಿಲ್ಲ. ಬೆರಳನ್ನು ಗುಂಡಿಯ ಮೇಲಿಟ್ಟುಕೊಂಡು, ಕಿವಿಗೊಟ್ಟು, ಇನ್ನೂ ಒಂದು ಗಳಿಗೆ ಕಾಯುತ್ತಾರೆ.